ಕುಡಿತ ಬಿಟ್ಟವರ ವಾರದ ಕೂಟ

ತುಮಕೂರಿನ ಕಡೆಯ ಸೋದರಿಯೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಅವರ ಯಜಮಾನರು ಹಲವು ವರ್ಷಗಳ ಕುಡಿತವನ್ನು ಬಿಡುವುದಕ್ಕಾಗಿ ಮೂರು ವಾರ ಆಸ್ಪತ್ರೆಯಲ್ಲಿದ್ದು ಬಂದರಂತೆ. ಎರಡು ತಿಂಗಳಿಂದ ಮದ್ಯವನ್ನು ಮುಟ್ಟಿಲ್ಲವಂತೆ. ಆದರೂ ವೈದ್ಯರು, ಪ್ರತಿ ಗುರುವಾರ ಸಂಜೆ ಹೊರರೋಗಿ ವಿಭಾಗಕ್ಕೆ ಬಂದು ತಮ್ಮಂತೆಯೇ ಬಿಟ್ಟಿರುವ ಹತ್ತು ಮಂದಿಯೊಡನೆ ಕುಳಿತು ಹೋಗತಕ್ಕದ್ದೆಂದು ಹೇಳಿರುವರು. “ವಾಸಿಯಾದವರು ಮತ್ತೆ ಆಸ್ಪತ್ರೆಗೆ ಏಕೆ ಹೋಗಬೇಕು? ಅದೂ ಕುಡುಕರ ನಡುವೆ ಕುಳಿತರೆ ಬಿಟ್ಟದ್ದು ಮರಳಿ ಹತ್ತಿಕೊಳ್ಳದೆ? ನೆಂಟರು ಕೇಳಿದರೆ ಏನು ಹೇಳಲಿ?” ಎಂಬುವು ಆ ಸೋದರಿಯ ಪ್ರಶ್ನೆಗಳು. ಇವು ಎಷ್ಟೋ ಮನೆಗಳ ಪ್ರಶ್ನೆಗಳಾದುದರಿಂದ ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಿಟ್ಟಿರುವೆವು.

ಆಸ್ಪತ್ರೆಯ ಮೊದಲ ದಿನಗಳ ಕೆಲಸವೇ ಬೇರೆ. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ನಿದ್ರಾಹೀನತೆಗಳು ಬರುವುವು. ಕೆಲವರಿಗೆ ಫಿಟ್ಸೂ ಚಿತ್ತಭ್ರಮೆಯೂ ಬಂದು ಪ್ರಾಣಕ್ಕೇ ಅಪಾಯವಾಗುವುದುಂಟು. ಆದುದರಿಂದಲೇ ಅಂಥವರು ವೈದ್ಯರ ಕಣ್ಣಿನ ಮುಂದೆ ಬಿಡಬೇಕು. ಆ ಗಂಡಾಂತರವು ಸಾಮಾನ್ಯವಾಗಿ ಒಂದು ವಾರದಲ್ಲಿ ಕಳೆಯುವುದು. ಆದರೆ ದೇಹವು ಮದ್ಯವಿಲ್ಲದೆ ಇರಲು ಕಲಿತ ಮಾತ್ರಕ್ಕೆ ಮನುಷ್ಯನು ಕಲಿತಂತಾಗಲಿಲ್ಲವಷ್ಟೆ. ಮನೆಗೆ ಬಂದವನಿಗೆ ಅದೇ ಬೀದಿ, ಅದೇ ಗೆಳೆಯರು, ಸಂಬಳದ ಸಂಜೆ ಜೇಬಿನಲ್ಲಿ ಅದೇ ಹಣ. ಮರಳಿ ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಬಿಟ್ಟ ಮೊದಲ ಕೆಲವು ತಿಂಗಳುಗಳಲ್ಲಿಯೇ. ವಾರದ ಕೂಟವು ಈ ತಿಂಗಳುಗಳಿಗಾಗಿ ಇರುವ ಔಷಧ.

ಆ ಕೋಣೆಯಲ್ಲಿ ಏನು ನಡೆಯುವುದೆಂಬುದನ್ನು ತಿಳಿದರೆ ಭಯವು ಬಹುಪಾಲು ಹೋದೀತು. ಎಂಟು ಹತ್ತು ಮಂದಿ ವರ್ತುಲವಾಗಿ ಕುರ್ಚಿಗಳನ್ನು ಹಾಕಿಕೊಂಡು ಕುಳಿತುಕೊಳ್ಳುವರು. ಜೊತೆಗೆ ತರಬೇತಾದ ಆಪ್ತಸಲಹೆಗಾರರೊಬ್ಬರು. ಕಾಲ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ. ನಿಯಮಗಳು ಕೆಲವೇ: ಕುಡಿದು ಬರಕೂಡದು, ಒಬ್ಬನು ಮಾತಾಡುವಾಗ ಇನ್ನೊಬ್ಬನು ಬಾಯಿ ಹಾಕಕೂಡದು, ಇಲ್ಲಿ ಕೇಳಿದುದನ್ನು ಹೊರಗೆ ಆಡಕೂಡದು. ಪ್ರತಿಯೊಬ್ಬನೂ ಕಳೆದ ವಾರವನ್ನು ಹೇಳುವನು. ಆಸೆ ಬಂದುದು ಯಾವ ದಿನ, ಯಾವ ಹೊತ್ತು, ಜೊತೆಯಲ್ಲಿ ಯಾರಿದ್ದರು, ಹೊಟ್ಟೆ ಹಸಿದಿದ್ದಿತೆ, ಮನೆಯಲ್ಲಿ ಜಗಳವಾಗಿದ್ದಿತೆ, ಎಂದು ವಿವರವಾಗಿ ವಿಚಾರಿಸುವರು. ಹೀಗೆ ನಾಲ್ಕಾರು ವಾರ ಕಳೆಯುವಷ್ಟರಲ್ಲಿ ಒಬ್ಬನಿಗೆ ತನ್ನ ಶತ್ರುವು ದುಃಖವಲ್ಲ, ಬಿಡುವಿನ ಭಾನುವಾರವೆಂದು ಗೊತ್ತಾಗುವುದು. ಮತ್ತೊಬ್ಬನಿಗೆ ಬಸ್ಸಿನಿಂದ ಒಂದು ನಿಲ್ದಾಣ ಮುಂಚೆ ಇಳಿಯುವ ಅಭ್ಯಾಸವೆಂದು. ಬೀಗರೂಟದಲ್ಲಿ ಗೆಳೆಯನು ಲೋಟವನ್ನು ಕೈಗಿಟ್ಟು “ನನ್ನಾಣೆ, ಇದೊಂದೇ” ಎಂದರೆ ಹೇಗೆ ನಿರಾಕರಿಸಬೇಕೆಂಬುದನ್ನು ಇಬ್ಬರು ಎದ್ದು ನಿಂತು ನಾಟಕದಂತೆ ಆಡಿ ತೋರಿಸುವುದೂ ಉಂಟು. ನಗೆಯೂ ಬರುವುದಂತೆ. ಬರಲಿ; ಆ ಮನೆಗಳಲ್ಲಿ ನಗೆ ಕಾಣದೆ ಬಹುಕಾಲವಾಗಿರುತ್ತದೆ.

ಇನ್ನು, ಕುಡುಕರ ಸಹವಾಸವೆಂಬ ಎರಡನೆಯ ಶಂಕೆ. 1935ರ ಮೇ ತಿಂಗಳಿನಲ್ಲಿ ಅಮೆರಿಕದ ಅಕ್ರನ್ ಪಟ್ಟಣಕ್ಕೆ ಬಿಲ್ ವಿಲ್ಸನ್ ಎಂಬ ವ್ಯಾಪಾರಸ್ಥನು ಬಂದಿದ್ದನು. ಕುಡಿತ ಬಿಟ್ಟು ಐದಾರು ತಿಂಗಳಾಗಿದ್ದಿತು. ಬಂದ ಕೆಲಸ ಕೆಟ್ಟಿತು. ಇಳಿದುಕೊಂಡಿದ್ದ ಹೋಟೆಲಿನ ಮದ್ಯದಂಗಡಿಯ ಸದ್ದು ಕಿವಿಗೆ ಬೀಳುತ್ತಿದ್ದಿತು. ಅವನು ಅಲ್ಲಿಗೆ ಹೋಗಲಿಲ್ಲ. ಊರವರಿಗೆ ಟೆಲಿಫೋನು ಮಾಡಿ, ತನ್ನಂತೆಯೇ ಕುಡಿತದಲ್ಲಿ ನರಳುವ ಇನ್ನೊಬ್ಬನನ್ನು ಹುಡುಕಿದನು. ಸಿಕ್ಕಿದವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಅವರಿಬ್ಬರ ಮಾತುಕತೆಯಿಂದಲೇ ಇಂದು ಲೋಕವೆಲ್ಲ ಹಬ್ಬಿರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘವು ಹುಟ್ಟಿತು. ಆ ಸಂಘದ ಸಭೆಯೂ ಆಸ್ಪತ್ರೆಯ ಗುಂಪು ಚಿಕಿತ್ಸೆಯೂ ಒಂದೇ ಅಲ್ಲ. ಅಲ್ಲಿ ವೈದ್ಯರಾಗಲಿ ಸಲಹೆಗಾರರಾಗಲಿ ನಡೆಸುವುದಿಲ್ಲ, ಬಿಟ್ಟವರೇ ನಡೆಸಿಕೊಳ್ಳುವರು. ಆದರೆ ಎರಡಕ್ಕೂ ಬುಡವೊಂದೇ. ಕುಡಿಯುವವರ ಸಹವಾಸ ಬೇರೆ, ಬಿಡುತ್ತಿರುವವರ ಸಹವಾಸ ಬೇರೆ. ಹೆಂಡತಿಯ ಕಣ್ಣೀರಿಗೂ ಅಣ್ಣನ ಬೈಗುಳಕ್ಕೂ ಬಗ್ಗದವನು, ತನ್ನ ಸುಳ್ಳುಗಳನ್ನೆಲ್ಲ ತಾನೂ ಹೇಳಿ ಬಲ್ಲವನೊಬ್ಬನು ಎದುರಿಗೆ ಕುಳಿತಾಗ ಸುಳ್ಳಾಡಲು ಹಿಂಜರಿಯುವನು. ಕುಡಿತದ ಕೇಡನ್ನು ವರ್ಣಿಸುವ ಉಪದೇಶಗಳು ಇಂತಹ ಪತ್ರಿಕೆಗಳಲ್ಲಿ ಲೆಕ್ಕವಿಲ್ಲದಷ್ಟು ಬಂದಿರುವುವು. ಅವುಗಳಿಂದ ಬಿಟ್ಟವರನ್ನು ನಾವು ಕಂಡುದು ಕಡಮೆ.

ದೇವರ ಮುಂದೆ ಆಣೆ ಮಾಡಿಸಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಆಣೆಯನ್ನು ನಾವು ಹಳಿಯುವುದಿಲ್ಲ. ಅದರಿಂದ ಉಳಿದ ಸಂಸಾರಗಳಿರುವುವು. ಆದರೆ ಆಣೆಗೆ ಎರಡೇ ಸ್ಥಿತಿ: ಉಳಿದುದು, ಮುರಿದುದು. ಒಂದು ಸಂಜೆ ಜಾರಿದವನು “ಹೇಗೂ ಮುರಿಯಿತು” ಎಂದುಕೊಂಡು ಪೂರ್ತಿ ಮುಳುಗುವನು. ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರು ಜೂಡಿತ್ ಗಾರ್ಡನ್ ಅವರೊಡನೆ 1985ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭಾವನೆಯನ್ನೇ ವಿಚಾರಿಸಿ, ಒಂದು ಸಲ ಜಾರುವುದು ಬೇರೆ, ಹಳೆಯ ಕುಡಿತಕ್ಕೆ ಮರಳುವುದು ಬೇರೆ ಎಂದು ತೋರಿಸಿರುವರು. ಜಾರಿದವನಿಗೆ ಕೂಟದಲ್ಲಿ ಮಾರನೆಯ ವಾರವೂ ಕುರ್ಚಿಯಿರುವುದು. ಮನೆಯಲ್ಲಿಯೂ ಇರಬೇಡವೆ?

ಮನೆಯವರು ಮಾಡಬೇಕಾದುದು ಹೆಚ್ಚೇನಲ್ಲ. ಗುರುವಾರ ಸಂಜೆಗೆ ಬೇರೆ ಕೆಲಸವನ್ನು ಹಚ್ಚಬಾರದು. ರೇಷನ್ನು, ಮಗುವಿನ ಟ್ಯೂಷನ್ನು, ನೆಂಟರ ಆಗಮನ ಯಾವುದೂ ಆ ಗಂಟೆಯನ್ನು ತಿನ್ನದಂತೆ ನೋಡಿಕೊಳ್ಳಬೇಕು. ಹಿಂತಿರುಗಿದವರನ್ನು “ಅಲ್ಲಿ ಯಾರು ಏನು ಹೇಳಿದರು?” ಎಂದು ಕೆದಕಬಾರದು. ಮತ್ತೊಂದನ್ನು ಒತ್ತಿ ಹೇಳುವೆವು: ಊಟದಲ್ಲಿ ಗುಟ್ಟಾಗಿ ಬೆರೆಸಿದರೆ ಕುಡಿತ ಬಿಡಿಸುವುದೆಂದು ಜಾಹೀರಾತು ಕೊಡುವ ಪುಡಿಗಳನ್ನು ಕೊಳ್ಳಬೇಡಿರಿ. ಡೈಸಲ್ಫಿರಾಮ್ ಎಂಬ ಔಷಧವನ್ನು ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷಿಸಿ ಕೊಡುವರು. ತಿಳಿಯದೆ ಅದನ್ನು ತಿಂದವನು ಮೇಲೆ ಮದ್ಯವನ್ನು ಕುಡಿದರೆ ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು.

ನಮ್ಮ ದೇಶದಲ್ಲಿ ಮದ್ಯಕ್ಕೆ ದಾಸರಾದವರ ಪೈಕಿ ಯಾವುದಾದರೊಂದು ಚಿಕಿತ್ಸೆಯನ್ನು ಪಡೆದವರು 38 ಮಂದಿಗೆ ಒಬ್ಬರೆಂದು 2019ರಲ್ಲಿ ಪ್ರಕಟವಾದ ಸರ್ಕಾರದ ಸಮೀಕ್ಷೆ ಹೇಳುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಶ್ರೀ ಕ್ಷೇತ್ರ ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸಿ, ಬಳಿಕ ನವಜೀವನ ಸಮಿತಿಗಳೆಂಬ ಹೆಸರಿನಲ್ಲಿ ಬಿಟ್ಟವರನ್ನು ಒಟ್ಟುಗೂಡಿಸುವರು. ಎಲ್ಲಿಗೆ ಹೋಗಬೇಕೆಂದು ತೋಚದವರು 14446 ಎಂಬ ಉಚಿತ ದೂರವಾಣಿಗೆ ಕೇಳಬಹುದು. ಕುಡಿಯುವವರ ಮನೆಯವರಿಗೂ ಇಂತಹ ಕೂಟಗಳಿವೆ. 1951ರಲ್ಲಿ ಬಿಲ್ ವಿಲ್ಸನ್‌ನ ಪತ್ನಿ ಲೋಯಿಸ್ ಮೊದಲಾದವರು ಸ್ಥಾಪಿಸಿದ ಅಲ್-ಅನಾನ್ ಅಂಥದು. ನಮ್ಮ ಸೋದರಿಯೂ ಒಮ್ಮೆ ಹೋಗಿ ಬರಲೆಂದು ನಮ್ಮ ಬಿನ್ನಹ.

ನೆಂಟರಿಗೆ ಏನು ಹೇಳಬೇಕೆಂದು ಅವರು ಕೇಳಿರುವರಲ್ಲವೆ? ಡಾಕ್ಟರು ವಾರಕ್ಕೊಮ್ಮೆ ಬರಹೇಳಿದ್ದಾರೆ, ಅದಕ್ಕೆ ಹೋಗಿದ್ದಾರೆ ಎಂದರೆ ಸಾಕು. ಅದು ಸುಳ್ಳೂ ಅಲ್ಲ.