ಮನಸ್ಸನ್ನು ದೂರುವ ಮೊದಲು ಪಿಸ್ತೂಲನ್ನೂ ನೋಡೋಣ

"ನಿಂಗೆ ಟೆನ್ಶನ್ ಜಾಸ್ತಿ ಮಾರಾಯ್ತಿ, ಮನಸ್ಸು ಗಟ್ಟಿ ಮಾಡ್ಕೊ." ಕಳೆದ ವರ್ಷ ಮೂರು ವಾರ ನಾನು ಎಲ್ಲರಿಂದ ಕೇಳಿದ್ದು ಇದೊಂದೇ ಮಾತು.

ಕಾಪುವಿನಿಂದ ಉಡುಪಿ ದಾಟಿ ಮಣಿಪಾಲಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಓದುವವಳು ನಾನು. ವಾರಕ್ಕೆ ಮೂರು ಸಂಜೆ 10 ಮೀಟರ್ ಏರ್ ಪಿಸ್ತೂಲ್ ಅಭ್ಯಾಸ. ಸ್ವಂತ ಪಿಸ್ತೂಲಿಲ್ಲ, ರೇಂಜಿನ ಪಿಸ್ತೂಲನ್ನೇ ನಾಲ್ಕೈದು ಮಂದಿ ಹಂಚಿಕೊಳ್ಳುತ್ತೇವೆ. ಸ್ಪರ್ಧೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ ನನ್ನ ಅಂಕ ಇದ್ದಕ್ಕಿದ್ದಂತೆ ಇಳಿಯತೊಡಗಿತು. ಹೊಡೆದದ್ದೆಲ್ಲ ಎಡಕ್ಕೆ, ಕೆಳಕ್ಕೆ. ಬಲಗೈಯವರ ಗುರಿ ಹೀಗೆ ತಪ್ಪಿದರೆ ಗಾಬರಿಯಿಂದ ಟ್ರಿಗರ್ ಜಗ್ಗುತ್ತಿದ್ದಾರೆ ಎಂದೇ ಲೆಕ್ಕ. ನಾನೂ ನಂಬಿದೆ. ಪ್ರಾಣಾಯಾಮ ಮಾಡಿದೆ, ಸ್ಫೂರ್ತಿ ತುಂಬುವ ವಿಡಿಯೋಗಳನ್ನು ನೋಡಿದೆ. ಕೊನೆಗೆ "ಇದು ನನ್ನಿಂದ ಆಗುವುದಿಲ್ಲ" ಎಂದು ಅಮ್ಮನ ಮುಂದೆ ಅತ್ತು, ಸ್ಪರ್ಧೆಯಿಂದ ಹೆಸರು ವಾಪಸ್ ತೆಗೆದೆ.

ಎರಡು ದಿನ ಬಿಟ್ಟು, ಪಿಸ್ತೂಲುಗಳ ರಿಪೇರಿ ನೋಡಿಕೊಳ್ಳುವ ಹಿರಿಯರು ಸಿಕ್ಕಿದಾಗ ಸಹಜವಾಗಿ ಕೇಳಿದರು: "ಹೊಸ ಹ್ಯಾಮರ್ ಹೇಗುಂಟು? ಕೈಗೆ ಹೊಂದಿತಾ?"

"ಯಾವ ಹ್ಯಾಮರ್ ಸರ್?"

ಹಳೆಯದು ಸವೆದಿತ್ತಂತೆ, ಬದಲಾಯಿಸಿದ್ದರಂತೆ. ನಮಗ್ಯಾರೂ ಹೇಳಿರಲಿಲ್ಲ.

ಟ್ರಿಗರ್ ಒತ್ತಿದಾಗ ಒಳಗಿನ ಪುಟ್ಟ ಕೊಕ್ಕೆಯೊಂದು ಜಾರಿ ಹ್ಯಾಮರನ್ನು ಬಿಡುತ್ತದೆ. ಹ್ಯಾಮರ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಒತ್ತಿಟ್ಟ ಗಾಳಿ ಪೆಲೆಟ್ ಅನ್ನು ತಳ್ಳುತ್ತದೆ. ನಮ್ಮ ಹಳೆಯ ಹ್ಯಾಮರಿನಲ್ಲಿ ಕೊಕ್ಕೆ ಕೂರುವ ಅಂಚು ಸವೆದಿದ್ದರಿಂದ ಬೇಗ ಜಾರುತ್ತಿತ್ತು. ಹೊಸದರ ಅಂಚು ಚೂಪು, ಕೊಕ್ಕೆ ಸ್ವಲ್ಪ ಆಳಕ್ಕೆ ಕೂರುತ್ತದೆ. ಹಾಗಾಗಿ ಬೆರಳು ಕೂದಲೆಳೆಯಷ್ಟು ಹೆಚ್ಚು ದೂರ ಹೋಗಬೇಕು. ನನ್ನ ಬೆರಳು ಹಳೆಯ ಜಾಗದಲ್ಲೇ ಗುಂಡು ಹಾರೀತೆಂದು ಕಾಯುತ್ತಿತ್ತು. ಹಾರದಿದ್ದಾಗ ಜಗ್ಗುತ್ತಿತ್ತು. ಹತ್ತು ಅಂಕದ ವೃತ್ತದ ಅಡ್ಡಳತೆ ಕೇವಲ 11.5 ಮಿಲಿಮೀಟರ್. ಅಷ್ಟು ಸಾಕು, ಗುರಿ ತಪ್ಪಲು.

ತಮಾಷೆಯೆಂದರೆ, ನಿಯಮದ ಪರೀಕ್ಷೆಯಲ್ಲಿ ಇದು ಗೊತ್ತಾಗುವುದೇ ಇಲ್ಲ. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕವನ್ನು ಎತ್ತಿ ಹಿಡಿಯಬೇಕು. ನಮ್ಮದು ಹಿಂದೆಯೂ ಹಿಡಿದಿತ್ತು, ಈಗಲೂ ಹಿಡಿಯಿತು. ತೂಕ ಅದೇ, ಸ್ಪರ್ಶ ಬೇರೆ. ಕಾರ್ಕಳದಲ್ಲಿ ಕಲ್ಲು ಕೆತ್ತುವ ನನ್ನ ಮಾವನಿಗೆ ಇದನ್ನು ಹೇಳಿದರೆ ಆಶ್ಚರ್ಯವೇ ಆಗಲಿಲ್ಲ. "ಸುತ್ತಿಗೆಗೆ ಹೊಸ ಹಿಡಿ ಹಾಕಿದ ದಿನ ನಾನು ಮೂರ್ತಿಯ ಕಣ್ಣು, ಮೂಗು ಮುಟ್ಟುವುದಿಲ್ಲ. ಪೀಠದ ಕೆಲಸ ಮಾತ್ರ" ಎಂದರು.

2021ರ ಟೋಕಿಯೋ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. 19 ವರ್ಷದ ಮನು ಭಾಕರ್ ಅರ್ಹತಾ ಸುತ್ತಿನ ನಡುವೆ ಪಿಸ್ತೂಲ್ ಕೆಟ್ಟು ಹೊರಗೆ ಹೋಗಬೇಕಾಯಿತು. 60 ಹೊಡೆತಗಳಿಗೆ ಇದ್ದದ್ದು 75 ನಿಮಿಷ. ರಿಪೇರಿಗೇ ಸುಮಾರು 20 ನಿಮಿಷ ಹೋಯಿತು, ಹೆಚ್ಚುವರಿ ಸಮಯ ಸಿಗಲಿಲ್ಲ. ಆದರೂ 575 ಅಂಕ ಗಳಿಸಿದರು. ಫೈನಲ್ ತಪ್ಪಿದ್ದು ಎರಡೇ ಅಂಕದಿಂದ. ಅಷ್ಟಾದರೂ ಒತ್ತಡ ತಡೆಯಲಾರದ ಹುಡುಗಿ ಎಂದು ಆಡಿಕೊಂಡವರು ಕಡಿಮೆಯೇನಲ್ಲ. 2024ರಲ್ಲಿ ಪ್ಯಾರಿಸ್‌ನಿಂದ ಅದೇ ಹುಡುಗಿ ಎರಡು ಕಂಚು ತಂದರು.

ನನ್ನ ತಕರಾರು ಇಷ್ಟೇ. ಯಾರಾದರೂ ಎಡವಿದರೆ ನಾವು ತಕ್ಷಣ ಅವರ ಮನಸ್ಸಿಗೆ ಕೈ ಹಾಕುತ್ತೇವೆ. ಆತ್ಮವಿಶ್ವಾಸ ಇಲ್ಲ, ಏಕಾಗ್ರತೆ ಇಲ್ಲ ಎನ್ನುತ್ತೇವೆ. ಹೇಳುವುದು ಸುಲಭ, ಖರ್ಚೂ ಇಲ್ಲ. ಆದರೆ ಕೇಳಿಸಿಕೊಂಡವರು ಆಟವನ್ನೇ ಬಿಟ್ಟುಬಿಡಬಹುದು. ನಾನು ಬಿಡುವುದರಲ್ಲಿದ್ದೆ.

"ಹಾಗಾದರೆ ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಯಿತಲ್ಲ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೆಲ ಡೊಂಕೋ ಅಲ್ಲವೋ ಎಂದು ಅಳೆದು ನೋಡುವುದೇ ಅದಕ್ಕೆ ಉತ್ತರ. ನಾವು ಅದೇ ಪಿಸ್ತೂಲನ್ನು ಇನ್ನಿಬ್ಬರಿಗೆ ಕೊಟ್ಟು ನೋಡಿದೆವು. ಇಬ್ಬರ ಗುರಿಯೂ ಎಡಕ್ಕೆ, ಕೆಳಕ್ಕೇ ಹೋಯಿತು. ಹೋಗದಿದ್ದರೆ ತಪ್ಪು ನನ್ನದೆಂದು ಒಪ್ಪುತ್ತಿದ್ದೆ. ಹಾಗೆಂದು ಯಾರೂ ಸ್ಕ್ರೂಡ್ರೈವರ್ ಹಿಡಿದು ಮನೆಯಲ್ಲಿ ಕೂರಬೇಡಿ. ಅದು ತಿಳಿದವರ ಕೆಲಸ. ಗುಂಡಿನ ಪಿಸ್ತೂಲುಗಳ ರಿಪೇರಿಗಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯೇ ಬೇಕು.

ಹೊಸ ಹ್ಯಾಮರ್ ಕೆಟ್ಟದ್ದೇನೂ ಆಗಿರಲಿಲ್ಲ, ಹಳೆಯದಕ್ಕಿಂತ ಒಳ್ಳೆಯದೇ. ಬೇಕಿದ್ದದ್ದು ಒಂದು ಮಾತು, ಸ್ವಲ್ಪ ಸಮಯ. ಗೊತ್ತಾದ ಮೇಲೆ ಹತ್ತು ದಿನ ಪೆಲೆಟ್ ಹಾಕದೆ, ಖಾಲಿ ಗೋಡೆಯ ಮುಂದೆ ನಿಂತು ಟ್ರಿಗರ್ ಒತ್ತುವುದನ್ನಷ್ಟೇ ಅಭ್ಯಾಸ ಮಾಡಿದೆ. ಬೆರಳು ಹೊಸ ಜಾಗ ಕಲಿಯಿತು. ಸ್ಪರ್ಧೆ ಮಾತ್ರ ಆಗಲೇ ಮುಗಿದಿತ್ತು.

ಈಗ ನಮ್ಮ ಪಿಸ್ತೂಲಿನ ಪೆಟ್ಟಿಗೆಯಲ್ಲಿ ನೂರು ಪುಟದ ಒಂದು ಪುಸ್ತಕ ಇದೆ. ಯಾವ ದಿನ ಯಾವ ಭಾಗ ಬದಲಾಯಿತು ಎಂದು ಬದಲಾಯಿಸಿದವರೇ ಬರೆಯಬೇಕು. ಮೊದಲ ಸಾಲನ್ನು ಆ ಹಿರಿಯರ ಕೈಯಲ್ಲೇ ಬರೆಸಿದೆವು. ನಿಮ್ಮ ರೇಂಜಿನಲ್ಲಿ, ಲ್ಯಾಬಿನಲ್ಲಿ, ವರ್ಕ್‌ಶಾಪಿನಲ್ಲಿ ಅಂಥದ್ದೊಂದು ಪುಸ್ತಕ ಇಲ್ಲದಿದ್ದರೆ ಇವತ್ತೇ ಇಡಿ. ಮುಂದಿನ ಸಲ ಯಾರಿಗಾದರೂ "ಮನಸ್ಸು ಗಟ್ಟಿ ಮಾಡ್ಕೊ" ಎನ್ನುವ ಮೊದಲು ಅದನ್ನೊಮ್ಮೆ ತೆರೆದು ನೋಡಿ.