ದಾಳಿಯ ಕೋಡ್ ಬರೆಯುವುದನ್ನು ತರಗತಿಯಲ್ಲಿ ಕಲಿಸಬೇಕೇ?

ತಲಕಾಡಿನಂಥ ಹೋಬಳಿ ಊರಿನ ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್‌ನಲ್ಲಿ, ವಾಟ್ಸಾಪ್‌ನಲ್ಲಿ ವರ್ಡ್ ಫೈಲುಗಳು ಬರುತ್ತಲೇ ಇರುತ್ತವೆ. ಒಬ್ಬರ ಅರ್ಜಿ, ಇನ್ನೊಬ್ಬರ ಲಗ್ನಪತ್ರಿಕೆ. ಬರೀ ಫೈಲ್ ತೆರೆದಿದ್ದಕ್ಕೇ ಕಂಪ್ಯೂಟರ್ ಪರರ ಕೈಸೇರುವುದುಂಟು. ಅದಕ್ಕೆ ಬಹಳ ಸಲ ಕಾರಣ ಪ್ರೋಗ್ರಾಂ ತನ್ನ ಮೆಮೊರಿಯನ್ನು ಬಳಸುವುದರಲ್ಲಿರುವ ದೋಷ. ಅಂಥ ದೋಷ ಹಿಡಿದು ಎಕ್ಸ್‌ಪ್ಲಾಯ್ಟ್, ಅಂದರೆ ದಾಳಿಯ ಕೋಡ್, ಬರೆಯುವ ವಿದ್ಯೆಯನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಕಲಿಸಬೇಕೇ?

ಪರ

ಕಲಿಸಬೇಕು. 2017ರ ನವೆಂಬರ್‌ನಲ್ಲಿ ಬಯಲಾದ ಮೈಕ್ರೋಸಾಫ್ಟ್ ಆಫೀಸಿನ ಇಕ್ವೇಶನ್ ಎಡಿಟರ್ ದೋಷವನ್ನೇ ನೋಡಿ. ಸಮೀಕರಣ ಬರೆಯಲೆಂದಿದ್ದ ಈ ಪುಟ್ಟ ಪ್ರೋಗ್ರಾಂ ಕಂಪೈಲ್ ಆದದ್ದು 2000ದಲ್ಲಿ. ಫೈಲಿನೊಳಗಿನ ಫಾಂಟ್ ಹೆಸರು ಎಷ್ಟು ಉದ್ದ ಎಂದು ನೋಡದೆ ಅದು ಸ್ಟ್ಯಾಕ್ ಎಂಬ ಮೆಮೊರಿ ಭಾಗದ ಸಣ್ಣ ಜಾಗಕ್ಕೆ ನಕಲಿಸುತ್ತಿತ್ತು. ತಲಕಾಡಿನ ಮಾಧವಮಂತ್ರಿ ನಾಲೆಯ ನೀರು ತುಂಬಿದ ಗದ್ದೆಯ ಬದು ಮೀರಿ ಪಕ್ಕದ ಗದ್ದೆಗೆ ನುಗ್ಗುವಂತೆ, ಉದ್ದನೆಯ ಹೆಸರು ಆ ಜಾಗ ಮೀರಿ ಹರಿಯುತ್ತಿತ್ತು. ಫಂಕ್ಷನ್ ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂಬ ವಿಳಾಸದ ಮೇಲೆಯೇ ದಾಳಿಕೋರನ ವಿಳಾಸ ಬಂದು ಕೂರುತ್ತಿತ್ತು. ಮೆಮೊರಿಯ ವಿಳಾಸಗಳನ್ನು ಕಲಸಿಡುವ ಎಎಸ್‌ಎಲ್‌ಆರ್‌ನಂಥ ಈಚಿನ ರಕ್ಷಣೆ ಅದಕ್ಕಿರಲಿಲ್ಲ. ಇದನ್ನು ಪುಸ್ತಕದಲ್ಲಿ ಓದಿದವರಿಗೆ ಪ್ರೋಗ್ರಾಂ ಕ್ರ್ಯಾಶ್ ಆಗುತ್ತದೆ ಎಂಬುದಷ್ಟೇ ಗೊತ್ತು. ಪ್ರೋಗ್ರಾಂನ ಒಳನಡೆ ತೋರಿಸುವ ಡೀಬಗರ್‌ನಲ್ಲಿ ಆ ವಿಳಾಸ ಬದಲಾಗುವುದನ್ನು ಕಂಡವರಿಗೆ ಯಾವ ಕ್ರ್ಯಾಶ್ ನಿರುಪದ್ರವಿ, ಯಾವುದನ್ನು ಇವತ್ತೇ ಸರಿಪಡಿಸಬೇಕು ಎಂಬ ವಿವೇಚನೆ ಬರುತ್ತದೆ. ರಕ್ಷಣೆಗಳು ಹುಟ್ಟಿದ್ದೂ ಹೀಗೆಯೇ. ಸ್ಟ್ಯಾಕ್ ದಾಳಿಯ ವಿಧಾನ 1996ರಲ್ಲಿ ಫ್ರ್ಯಾಕ್ ಎಂಬ ಹ್ಯಾಕರ್‌ಗಳ ಇ-ಪತ್ರಿಕೆಯಲ್ಲಿ ವಿವರವಾಗಿ ಪ್ರಕಟವಾಯಿತು. ಮರಳುವ ವಿಳಾಸದ ಪಕ್ಕ ಕಾವಲಿನ ಸಂಖ್ಯೆಯೊಂದನ್ನು ಇಡುವ ಸ್ಟ್ಯಾಕ್‌ಗಾರ್ಡ್ 1998ರಲ್ಲಿ ಬಂತು. ಕಳ್ಳರಿಗೆ ಪಾಠ ಹೇಳಿದಂತಾಗದೇ ಎಂದು ಕೇಳುವವರಿದ್ದಾರೆ. ಕಳ್ಳರು ನಮ್ಮ ಸಿಲಬಸ್ಸಿಗಾಗಿ ಕಾದು ಕೂತಿಲ್ಲ. ಕಾವಲು ಕಾಯಬೇಕಾದವರು ಮಾತ್ರ ಅದನ್ನು ಕಲಿಯದೆ ಪದವಿ ಪಡೆಯುತ್ತಿದ್ದಾರೆ.

ವಿರೋಧ

ಬೇಡ. ಅದೇ ದೋಷದ ಮುಂದಿನ ಕಥೆಯನ್ನೂ ನೋಡಬೇಕು. ನವೆಂಬರ್ 14ಕ್ಕೆ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ಬಂತು. ವಿವರ ಹೊರಬಿದ್ದ ಕೆಲವೇ ವಾರಗಳಲ್ಲಿ ದಾಳಿಕೋರರು ಅದನ್ನು ಬಳಸತೊಡಗಿದರು, ಆಮೇಲೆ ವರ್ಷಗಟ್ಟಲೆ ಬಿಡಲಿಲ್ಲ. ಅವರಿಗೆ ದಾರಿ ಕೊಟ್ಟದ್ದು ಅಪ್‌ಡೇಟ್ ಕಾಣದ ಕಂಪ್ಯೂಟರುಗಳು. ಅದೇ ವರ್ಷದ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶದ ದಾಳಿಯಲ್ಲೂ ಮಾರ್ಚ್ 14ಕ್ಕೇ ಪ್ಯಾಚ್ ಸಿದ್ಧವಿತ್ತು, ಹಾವಳಿ ಎದ್ದದ್ದು ಮೇ 12ಕ್ಕೆ. ಝೆರಾಕ್ಸ್ ಅಂಗಡಿಗೆ ಬೇಕಾದದ್ದು ಅಪ್‌ಡೇಟ್ ಮಾಡಿಕೊಡುವ ಕೈ. ಇನ್ನು ರೋಗದ ಬೇರಿಗೆ ಬೇರೆಯೇ ಮದ್ದು ಇದೆ. ತನ್ನ ಭದ್ರತಾ ದೋಷಗಳಲ್ಲಿ ಶೇ. 70ರಷ್ಟು ಮೆಮೊರಿಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಗೂಗಲ್ ಲೆಕ್ಕದಂತೆ ಆಂಡ್ರಾಯ್ಡ್‌ನಲ್ಲಿ ಅದೇ ವರ್ಷ ಶೇ. 76 ಇದ್ದ ಇಂಥ ದೋಷಗಳ ಪಾಲು 2024ಕ್ಕೆ ಶೇ. 24ಕ್ಕೆ ಇಳಿಯಿತು, ಹೊಸ ಕೋಡನ್ನು ರಸ್ಟ್‌ನಂಥ ಸುರಕ್ಷಿತ ಭಾಷೆಗಳಲ್ಲಿ ಬರೆದದ್ದರ ಫಲ ಅದು. ತರಗತಿಯ ಸಮಯ ಅಲ್ಲಿಗೆ ಹೋಗಲಿ. ಸಿ ಭಾಷೆಯ ಹಳೇ ಕೋಡ್ ರಾಶಿ ಬಿದ್ದಿದೆಯಲ್ಲ ಎಂದರೆ, ಅದನ್ನು ನೋಡಿಕೊಳ್ಳಲು ಕೆಲವು ಪರಿಣತರು ಸಾಕು. ಕಾನೂನಿನ ಅಪಾಯವೂ ಸಣ್ಣದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನಂತೆ ಅನುಮತಿಯಿಲ್ಲದೆ ಪರರ ಕಂಪ್ಯೂಟರ್ ಹೊಕ್ಕವರು ಪರಿಹಾರ ತೆರಬೇಕು. ಅದರಲ್ಲಿ ಅಪ್ರಾಮಾಣಿಕತೆಯೋ ವಂಚನೆಯೋ ಇದ್ದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು. ಲ್ಯಾಬಿನ ಹುಮ್ಮಸ್ಸಿನಲ್ಲಿ ಈ ಗೆರೆ ದಾಟುವ ಹುಡುಗರ ಹೊಣೆ ಯಾರದು?

ತೂಗಿ ನೋಡಿದರೆ

ವಿರೋಧದ ಪ್ರಬಲ ಸಾಕ್ಷ್ಯವೇ ಪರ ವಾದಕ್ಕೆ ಬಲ ಕೊಡುತ್ತದೆ. ಭಾಷೆ ಬದಲಿಸಬೇಕೆಂದು ಕಂಪನಿಗಳಿಗೆ ಮನವರಿಕೆಯಾದದ್ದು ದೋಷಗಳನ್ನು ಒಂದೊಂದಾಗಿ ಬಿಚ್ಚಿ, ಯಾವುದು ದಾಳಿಗೆ ದಾರಿ ಎಂದು ತೋರಿಸಿದವರಿಂದ. ಆ ಕೆಲವು ಪರಿಣತರೂ ಯಾವುದೋ ತರಗತಿಯಿಂದಲೇ ಬರಬೇಕು. ಆದರೆ ಕಾನೂನಿನ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಹಾಗಾಗಿ ಕಲಿಸುವುದೇ ಸರಿ, ಮೂರು ಕಟ್ಟುಪಾಡಿನ ಮೇಲೆ: ದೋಷ ಈಗಾಗಲೇ ಪ್ಯಾಚ್ ಆಗಿರಬೇಕು, ಕಂಪ್ಯೂಟರ್ ಲ್ಯಾಬಿನದೇ ಆಗಿರಬೇಕು, ದಾಳಿ ಬರೆದ ವಿದ್ಯಾರ್ಥಿಗೆ ಅಂಕ ಸಿಗುವುದು ಆ ದೋಷವನ್ನು ತಾನೇ ಸರಿಪಡಿಸಿ ತೋರಿಸಿದ ಮೇಲೆ.