ಯಂತ್ರಕ್ಕೊಂದು, ನಮಗೊಂದು ಕೈಪಿಡಿ ಬೇಕೆ?

ಕೋಡ್ ಬರೆಯುವ, ದೋಷ ಹುಡುಕುವ ಎಐ ಏಜೆಂಟ್‌ಗಳಿಗೆಂದೇ ಬೇರೆ ಕಡತ ಬರೆದಿಡುವ ಪದ್ಧತಿ ಸಾಫ್ಟ್‌ವೇರ್ ತಂಡಗಳಲ್ಲಿ ಬೇರೂರುತ್ತಿದೆ. ‘ಏಜೆಂಟ್ಸ್ ಡಾಟ್ ಎಂಡಿ’ ಎಂಬ ಹೆಸರು ಈಗ ಯಾರಿಗೂ ಹೊಸದಲ್ಲ. ಡೀಬಗ್ಗಿಂಗ್ ಸಲಕರಣೆಗಳಿಗೂ ಹೀಗೆಯೇ ಎರಡು ಕೈಪಿಡಿ ಇರಲಿ, ಮನುಷ್ಯರದು ಬೇರೆ, ಯಂತ್ರದ್ದು ಬೇರೆ ಎಂದು ಹಲವರು ಹೇಳುತ್ತಿದ್ದಾರೆ. ಹೇಳುವವರು ಅನುಭವಿಗಳು, ಅವರ ಕಾರಣಗಳಲ್ಲಿ ಹುರುಳೂ ಇದೆ. ಆದರೂ ನನಗೆ ಇದು ಒಪ್ಪಿಗೆಯಾಗುತ್ತಿಲ್ಲ.

ಅವರ ಮಾತನ್ನೇ ಮೊದಲು ನೋಡೋಣ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಜಿಡಿಬಿ ಡೀಬಗ್ಗರ್‌ನ ಕೈಪಿಡಿ ಇಂದು ನೂರಾರು ಪುಟಗಳ ಗ್ರಂಥ. ಏಜೆಂಟ್ ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳಬಲ್ಲ ಪಠ್ಯಕ್ಕೆ ಮಿತಿಯಿದೆ. ಮೇಲಾಗಿ, ಎದುರಿಗೆ ಮನುಷ್ಯ ಕೂತಿದ್ದಾನೆ ಎಂದುಕೊಂಡೇ ಜಿಡಿಬಿ ಮಾತಾಡುತ್ತದೆ. ಪರದೆ ತುಂಬಿತೋ, ನಿಂತು ‘ಎಂಟರ್ ಒತ್ತಿ’ ಎನ್ನುತ್ತದೆ. ಒತ್ತಬೇಕೆಂದು ತಿಳಿಯದ ಏಜೆಂಟ್ ಅಲ್ಲೇ ಕಾಯುತ್ತಾ ಉಳಿಯುತ್ತದೆ. ಇದೆಲ್ಲ ನಿಜ. ಆದರೆ ಇದಕ್ಕೆ ಮದ್ದು ಜಿಡಿಬಿಯಲ್ಲೇ ಇದೆ. ಯಾರನ್ನೂ ಏನನ್ನೂ ಕೇಳದೆ ಕೆಲಸ ಮುಗಿಸುವ ಬ್ಯಾಚ್ ಮೋಡ್ ಇದೆ, ಬೇರೆ ಪ್ರೋಗ್ರಾಂಗಳು ಓದಲೆಂದೇ ಮಾಡಿದ ಎಂಐ ಎಂಬ ಇಂಟರ್‌ಫೇಸ್ ಇದೆ. ಇವು ಎಐ ಬರುವ ಎಷ್ಟೋ ವರ್ಷ ಮೊದಲೇ ಎಡಿಟರ್‌ಗಳಿಗಾಗಿ, ಸ್ಕ್ರಿಪ್ಟ್‌ಗಳಿಗಾಗಿ ಹುಟ್ಟಿದಂಥವು. ಎರಡೂ ಅದೇ ಹಳೆಯ ಕೈಪಿಡಿಯಲ್ಲಿ ದಾಖಲಾಗಿವೆ.

ಏಜೆಂಟ್ ದಾರಿ ತಪ್ಪುವುದು ಆಜ್ಞೆಗಳು ಗೊತ್ತಿಲ್ಲದ್ದಕ್ಕಲ್ಲ. ಸಲಕರಣೆ ಯಾವಾಗ ಸುಮ್ಮನಿರುತ್ತದೆ ಎಂಬುದು ಗೊತ್ತಿಲ್ಲದ್ದಕ್ಕೆ. ಮೆಮೊರಿ ದೋಷ ಹುಡುಕುವ ವಾಲ್‌ಗ್ರೈಂಡನ್ನೇ ತೆಗೆದುಕೊಳ್ಳಿ. ಅದರ ಮೆಮ್‌ಚೆಕ್ ಅಡಿಯಲ್ಲಿ ಪ್ರೋಗ್ರಾಂ ಓಡುವುದು ಇಪ್ಪತ್ತು ಮೂವತ್ತು ಪಟ್ಟು ನಿಧಾನ. ಇದನ್ನು ಅರಿಯದ ಏಜೆಂಟ್ ಎರಡು ನಿಮಿಷದ ಗಡುವು ಹಾಕಿ, ಗಡುವು ಮೀರಿದೊಡನೆ ‘ಪ್ರೋಗ್ರಾಂ ಎಲ್ಲೋ ಸಿಕ್ಕಿಕೊಂಡಿದೆ’ ಎಂದು ತೀರ್ಮಾನಿಸಿ, ಇಲ್ಲದ ದೋಷದ ಬೆನ್ನುಹತ್ತಬಹುದು. ಇನ್ನೊಂದು ತಪ್ಪು ಇದಕ್ಕಿಂತ ಅಪಾಯದ್ದು. ಸ್ಟ್ಯಾಕ್‌ನಲ್ಲಿರುವ ಅರೇಯ ಗಡಿ ದಾಟಿ ಬರೆದರೆ ಮೆಮ್‌ಚೆಕ್ ಅದನ್ನು ಹಿಡಿಯುವುದಿಲ್ಲ, ಅದಕ್ಕೆ ಅಡ್ರೆಸ್ ಸ್ಯಾನಿಟೈಸರ್‌ನಂಥದ್ದು ಬೇಕು. ವರದಿಯ ಕೊನೆಗೆ ಬರುವ ‘ಸೊನ್ನೆ ದೋಷ’ ಎಂಬ ಸಾಲಿನ ಅರ್ಥ ‘ನಾನು ಹುಡುಕಬಲ್ಲ ಜಾತಿಯ ದೋಷ ಕಾಣಲಿಲ್ಲ’ ಎಂದಷ್ಟೇ. ಏಜೆಂಟ್ ಅದನ್ನು ‘ಮೆಮೊರಿ ಸರಿಯಿದೆ’ ಎಂದು ಓದಿಕೊಂಡರೆ ಮುಂದಿನ ತನಿಖೆಯೆಲ್ಲ ತಪ್ಪು ಬೀದಿಯಲ್ಲಿ.

ಗಮನಿಸಿ, ಈ ಎರಡು ಎಚ್ಚರಿಕೆಗಳನ್ನೂ ವಾಲ್‌ಗ್ರೈಂಡ್ ಬರೆದವರು ತಮ್ಮ ಕಿರುಪರಿಚಯದಲ್ಲೇ ಹೇಳಿದ್ದಾರೆ. ಹೇಳಿದ್ದು ಮನುಷ್ಯರಿಗಾಗಿ. ಯಂತ್ರಕ್ಕೆ ತೀರಾ ಬೇಕಾದ ವಾಕ್ಯ ಹೊಸ ಇಂಜಿನಿಯರನಿಗೂ ತೀರಾ ಬೇಕಾದ ವಾಕ್ಯವೇ ಆಗಿತ್ತು. ಮೊಜಿಲ್ಲಾದಲ್ಲಿ ಹುಟ್ಟಿದ ಆರ್‌ಆರ್ ಕಥೆಯೂ ಇದೇ. ಪ್ರೋಗ್ರಾಂ ಓಡಿದ್ದನ್ನು ದಾಖಲಿಸಿ ಹಿಂದಕ್ಕೂ ಮುಂದಕ್ಕೂ ಮತ್ತೆ ಓಡಿಸುವ ಅದ್ಭುತ ಸಲಕರಣೆ ಅದು. ಆದರೆ ದಾಖಲಿಸುವಾಗ ಎಲ್ಲ ಥ್ರೆಡ್‌ಗಳನ್ನೂ ಒಂದೇ ಕೋರ್ ಮೇಲೆ ಸರದಿಯಲ್ಲಿ ಓಡಿಸುವುದರಿಂದ, ಥ್ರೆಡ್‌ಗಳು ಒಟ್ಟಿಗೆ ಓಡಿದಾಗ ಮಾತ್ರ ಏಳುವ ಕೆಲವು ದೋಷಗಳು ಅಲ್ಲಿ ತಲೆಯೆತ್ತದೆ ಇರಬಹುದು. ಇದು ಗೊತ್ತಿದ್ದವರ ಕೈಯಲ್ಲಿ ಮಾತ್ರ ಆರ್‌ಆರ್ ಕೆಲಸಕ್ಕೆ ಬರುತ್ತದೆ.

ಯುನಿಕ್ಸ್‌ನ ಮೊದಲ ಕೈಪಿಡಿ ಹೊರಬಂದದ್ದು 1971ರ ನವೆಂಬರಿನಲ್ಲಿ. ಆಜ್ಞೆಗಳ ವಿವರಣೆಯ ಕೊನೆಗೆ ‘ಬಗ್ಸ್’ ಎಂಬ ಶೀರ್ಷಿಕೆ ಹಾಕಿ, ತಮ್ಮ ಸಲಕರಣೆಯ ಕೊರತೆಯನ್ನು ತಾವೇ ಬರೆಯುವ ಪ್ರಾಮಾಣಿಕತೆ ಅಂದೇ ಇತ್ತು. ಇಂದು ಬೆಂಗಳೂರಿನ ಕಚೇರಿಯಿರಲಿ, ಸಿಯಾಟಲ್‌ನದಿರಲಿ, ಕಂಪನಿಯೊಳಗೆ ತಯಾರಾದ ಸಲಕರಣೆಗಳಲ್ಲಿ ನಾನು ಹುಡುಕುವುದು ಆ ಶೀರ್ಷಿಕೆಯನ್ನು. ಸಿಗುವುದು ಅಪರೂಪ. ಆ ಜ್ಞಾನ ಹಿರಿಯ ಸಹೋದ್ಯೋಗಿಯ ತಲೆಯಲ್ಲಿರುತ್ತದೆ. ಕಿರಿಯರು ಎರಡು ದಿನ ಒದ್ದಾಡಿದ ಮೇಲೆ ‘ಓ, ಅದಾ? ಅದು ಚೈಲ್ಡ್ ಪ್ರಾಸೆಸ್‌ಗಳನ್ನು ಹಿಂಬಾಲಿಸೋದಿಲ್ಲ’ ಎಂದು ಕಾಫಿ ಲೋಟ ಹಿಡಿದು ಹೇಳುತ್ತಾರೆ. ಏಜೆಂಟ್‌ಗೆ ಆ ಕಾಫಿಯ ಹೊತ್ತು ಇಲ್ಲ. ಬರೆದಿಟ್ಟದ್ದಷ್ಟೇ ಅದರ ಪಾಲಿಗೆ ಇರುವುದು.

ಹಾಗಾದರೆ ಅದನ್ನು ಏಜೆಂಟ್‌ನ ಕಡತದಲ್ಲೇ ಬರೆದರಾಯಿತಲ್ಲ ಎನ್ನಬಹುದು. ನನ್ನ ಮುಖ್ಯ ಆಕ್ಷೇಪ ಇಲ್ಲೇ ಇರುವುದು. ಮನುಷ್ಯರು ಓದುವ ಕೈಪಿಡಿಯಲ್ಲಿ ತಪ್ಪಿದ್ದರೆ ಯಾರಾದರೊಬ್ಬರು ಸಿಡುಕಿಯಾದರೂ ತಿದ್ದಿಸುತ್ತಾರೆ. ಯಂತ್ರವೊಂದೇ ಓದುವ ಕಡತಕ್ಕೆ ಆ ಕಾವಲು ಇಲ್ಲ. ಸಲಕರಣೆಯ ಆವೃತ್ತಿ ಬದಲಾಗುತ್ತದೆ, ಕಡತ ಹಳೆಯದೇ ಉಳಿಯುತ್ತದೆ. ಎತ್ತು ಈಯಿತು ಎಂದು ಬರೆದಿದ್ದರೆ ಏಜೆಂಟ್ ಕರುವನ್ನು ಕೊಟ್ಟಿಗೆಗೆ ಕಟ್ಟಲು ಹೊರಡುತ್ತದೆ, ಅದೂ ಪೂರ್ಣ ವಿಶ್ವಾಸದಿಂದ.

ಒಂದು ಪುಟದ ದಾರಿಸೂಚಿ ಇಟ್ಟುಕೊಳ್ಳಿ, ಅದಕ್ಕೆ ನನ್ನ ತಕರಾರಿಲ್ಲ. ಯಾವ ಸಮಸ್ಯೆಗೆ ಮುಖ್ಯ ಕೈಪಿಡಿಯ ಯಾವ ಅಧ್ಯಾಯ ಎಂಬುದು ಅಲ್ಲಿರಲಿ. ತಿಳಿವಳಿಕೆ ಮಾತ್ರ ಒಂದೇ ಕಡೆ, ಎಲ್ಲರ ಕಣ್ಣಿಗೆ ಬೀಳುವ ಕಡೆ ಇರಲಿ. ಈ ವಾರ ನಿಮ್ಮ ಸಲಕರಣೆಯೊಂದರ ಬಗ್ಗೆ ಕಿರಿಯರೊಬ್ಬರಿಗೆ ಬಾಯಲ್ಲಿ ಹೇಳುವ ಎಚ್ಚರಿಕೆಯ ಮಾತನ್ನು, ಅದೇ ದಿನ, ಆ ಸಲಕರಣೆಯ ಮುಖ್ಯ ಕೈಪಿಡಿಗೆ ಸೇರಿಸಿ.